25 ಸಾವಿರ ಜನರ ಪಟ್ಟಣ, ದಿನಕ್ಕೆ 9 ಟನ್ ಕಸ: ಐದು ದಾರಿಗಳಲ್ಲಿ ಯಾವುದು ನಿಲ್ಲುತ್ತದೆ?

ಪಡುಗಾಳಿ:
ಉಡುಪಿ ಜಿಲ್ಲೆಯ ಒಂದು ಪುರಸಭೆಯ ಲೆಕ್ಕ ಇದು. ಜನ ಸುಮಾರು 25,000. ಮನೆ, ಅಂಗಡಿ ಎಲ್ಲ ಸೇರಿ 6,000 ಬಾಗಿಲು. ತಲೆಗೆ 350 ಗ್ರಾಂ ಹಿಡಿದರೆ ದಿನಕ್ಕೆ ಎಂಟೂ ಮುಕ್ಕಾಲು ಟನ್ ಆಗುತ್ತದೆ. ಮೀನು ಮಾರ್ಕೆಟು, ಬಸ್ ಸ್ಟ್ಯಾಂಡು ಗುಡಿಸಿದ್ದು ಸೇರಿಸಿ 9 ಟನ್ ಅಂತ ಇಟ್ಟುಕೊಂಡಿದ್ದೇವೆ. ಅದರಲ್ಲಿ ಹಸಿ ಕಸ 5 ಟನ್, ಒಣ ಕಸ 2.7 ಟನ್, ಉಳಿದದ್ದು ರಸ್ತೆಯ ಮಣ್ಣು, ಪ್ಯಾಡು, ಡಯಾಪರು, ಒಡೆದ ಪಿಂಗಾಣಿ ಇತ್ಯಾದಿ. ಈಗಿನ ಜಾಗ ತುಂಬಿದೆ.

ಸಭೆಯ ಮುಂದೆ ಐದು ಪ್ರಸ್ತಾವ ಉಂಟು. ಒಂದು, 40 ಕಿ.ಮೀ. ದೂರದ ದೊಡ್ಡ ಘಟಕಕ್ಕೆ ಎಲ್ಲವನ್ನೂ ಸಾಗಿಸಿ ಟನ್ ಲೆಕ್ಕದಲ್ಲಿ ದುಡ್ಡು ಕೊಡುವುದು. ಎರಡು, ಸ್ವಂತ ಗೊಬ್ಬರ ಘಟಕ ಮತ್ತು ಒಣ ಕಸದ ಶೆಡ್. ಮೂರು, ಬಯೋಗ್ಯಾಸ್. ನಾಲ್ಕು, ಊರಾಚೆಯ ಖಾಲಿ ಕಲ್ಲುಕೋರೆಯಲ್ಲಿ ಸುರಿದು ಮೇಲೆ ಮಣ್ಣು ಮುಚ್ಚುವುದು. ಐದು, ‘ಬೇರ್ಪಡಿಸುವುದೇ ಬೇಡ, ಎಲ್ಲವನ್ನೂ ಸುಡುತ್ತದೆ’ ಎನ್ನುವ ಯಂತ್ರ. ಯಾವುದನ್ನು ಯಾಕೆ ಬಿಡಬೇಕು, ಯಾವುದನ್ನು ಹೇಗೆ ಮಾಡಬೇಕು, ಲೆಕ್ಕ ಸಮೇತ ಹೇಳಿ. ಭಾಷಣ ಸಭೆಯಲ್ಲಿ ಬೇಕಾದಷ್ಟು ಸಿಗುತ್ತದೆ.

ಮುರಕಲ್ಲು:
ನಾಲ್ಕನೆಯದನ್ನು ಮೊದಲು ತೆಗೆದುಹಾಕಿ, ಉಳಿದದ್ದು ಆಮೇಲೆ ಮಾತಾಡುವ.

ಖಾಲಿ ಕೋರೆ ಕಂಡ ಕೂಡಲೇ ‘ಹೇಗೂ ಹೊಂಡ ಉಂಟಲ್ಲ’ ಅಂತ ಎಲ್ಲರಿಗೂ ಅನಿಸುತ್ತದೆ. ನಮ್ಮ ಕಡೆ ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಅದರಡಿ ಶೇಡಿ ಮಣ್ಣು, ಅಂದರೆ ನುಣುಪಾದ ಜೇಡಿಯಂಥ ಮಣ್ಣು. ಮುರಕಲ್ಲಿನಲ್ಲಿ ತೂತುಗಳೇ ಜಾಸ್ತಿ, ನೀರು ಸರಾಗ ಇಳಿಯುತ್ತದೆ. ಶೇಡಿಯಲ್ಲಿ ಅಷ್ಟು ಬೇಗ ಇಳಿಯುವುದಿಲ್ಲ. ಹಾಗಾಗಿ ಇಳಿದ ನೀರು ಇವೆರಡರ ನಡುವಿನ ಗೆರೆ ಹಿಡಿದು ಅಡ್ಡಕ್ಕೆ ಹರಿದು, ತಗ್ಗಿನ ಮನೆಯ ಬಾವಿಯಲ್ಲೋ ತೋಟದ ಬದಿಯ ಒರತೆಯಲ್ಲೋ ಏಳುತ್ತದೆ. ಕೋರೆ ಅಂದರೆ ಮುರಕಲ್ಲನ್ನೇ ಕಡಿದು ತೆಗೆದ ಜಾಗ. ಕಸಕ್ಕೂ ಆ ಗೆರೆಗೂ ನಡುವೆ ಉಳಿದಿರುವುದು ಕೆಲವೇ ಅಡಿ. ಹೊಂಡಕ್ಕೆ ಸುರಿದದ್ದು ಬಾವಿಯ ಹಗ್ಗಕ್ಕೆ ಸಿಗುವ ದಾರಿ ಅದು.

ಮಳೆ ಲೆಕ್ಕ ಹಾಕಿ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು. ಒಂದು ಎಕರೆ ಹೊಂಡಕ್ಕೆ ಬೀಳುವ ನೀರು 1.6 ಕೋಟಿ ಲೀಟರ್. ಅರ್ಧ ಆವಿಯಾಗಿ, ಬದಿಗೆ ಹರಿದು ಹೋಯಿತು ಅಂತಲೇ ಇಟ್ಟುಕೊಳ್ಳಿ. ಕಸದ ಮೂಲಕ ಇಳಿಯುವ ಕಪ್ಪು ನೀರು, ಲೀಚೆಟ್, 80 ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ 800 ಸಲ ತುಂಬಬೇಕು. ಅದೂ ನಾಲ್ಕು ತಿಂಗಳಲ್ಲಿ.

2016ರ ಘನತ್ಯಾಜ್ಯ ನಿಯಮಾವಳಿಯಲ್ಲಿ ಲ್ಯಾಂಡ್‌ಫಿಲ್‌ಗೆ (ಕಸ ಹೂಳುವ ಜಾಗಕ್ಕೆ) ಹಾಕಿದ್ದ ದೂರಗಳು: ನದಿಯಿಂದ 100 ಮೀಟರ್, ಕೆರೆ, ಹೆದ್ದಾರಿ, ಜನವಸತಿ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್. ಮನೆಗೊಂದು ಬಾವಿ ಇರುವ ಊರಿನ ನಕ್ಷೆಯಲ್ಲಿ ಪ್ರತಿ ಬಾವಿಗೂ 200 ಮೀಟರ್ ವೃತ್ತ ಎಳೆದು ನೋಡಿ, ಬಿಳಿ ಜಾಗ ಎಷ್ಟು ಉಳಿಯುತ್ತದೆ ಅಂತ. ಕಡಲತಡಿಯ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಜಾಗದಲ್ಲಂತೂ ಕಸ ಸುರಿಯುವಂತೆಯೇ ಇಲ್ಲ.

ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯಲ್ಲಿ 2019ರ ಆಗಸ್ಟ್‌ನಲ್ಲಿ ಆದದ್ದು ನೆನಪಿರಬಹುದು. ಮಳೆ ನೀರು ಹೀರಿದ ಕಸದ ಗುಡ್ಡ ಜಾರಿ ಮಂದಾರದ ಕಡೆಗೆ ಹರಿಯಿತು, ತೆಂಗು, ಅಡಿಕೆ ತೋಟಗಳು ಕಸದಡಿ ಹೋದವು. ಬೆಂಕಿ ಬಿದ್ದರೆ ನೀರು ಹೊಡೆಯಬಹುದು. ಜಾರುವ ಗುಡ್ಡಕ್ಕೆ ಎಂತ ಹೊಡೆಯುವುದು?

ಪಡುಗಾಳಿ:
ಕೋರೆ ಬಿಟ್ಟೆವು ಅಂತ ಇಟ್ಟುಕೊಳ್ಳಿ. ಆದರೆ ಏನು ಮಾಡಿದರೂ ಕೊನೆಗೆ ಯಾವುದಕ್ಕೂ ಆಗದ ಒಂದಷ್ಟು ಉಳಿಯುತ್ತದಲ್ಲ, ಅದಕ್ಕೆ?

ಮುರಕಲ್ಲು:
ಉಳಿಯುತ್ತದೆ. ಸರಿಯಾಗಿ ಬೇರ್ಪಡಿಸಿದರೆ ದಿನಕ್ಕೆ ಒಂದು ಟನ್. ವರ್ಷಕ್ಕೆ 365 ಟನ್, ಮೇಲಿನ ಮಣ್ಣಿನ ಹೊದಿಕೆ ಸೇರಿ 450 ಘನ ಮೀಟರ್. ಹತ್ತು ವರ್ಷಕ್ಕೆ 4,500. ಅಂದರೆ 30 ಮೀಟರ್ ಉದ್ದ, 30 ಅಗಲ, 5 ಎತ್ತರದ ಒಂದು ಕೋಣೆ. ಒಟ್ಟು 9 ಟನ್ನನ್ನೂ ಹಾಕಿದರೆ ಅದೇ ಕೋಣೆ ಒಂದೂವರೆ ವರ್ಷವೂ ಬಾರದು.

ಆ ಸಣ್ಣ ಕೋಣೆಯ ತಳದ ಕೆಲಸ ಮಾತ್ರ ಸಣ್ಣದಲ್ಲ. 2016ರ ನಿಯಮದ ಪ್ರಕಾರ 90 ಸೆಂ.ಮೀ. ಕುಟ್ಟಿದ ಜೇಡಿ, ಅದರ ಮೇಲೆ 1.5 ಮಿ.ಮೀ. ದಪ್ಪದ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ, ಮೇಲೆ ಜಲ್ಲಿಯ ಪದರ ಮತ್ತು ತೂತಿನ ಪೈಪು. ಮಳೆಗಾಲದಲ್ಲಿ ಅಂತರ್ಜಲ ಏರಿದಾಗಲೂ ಜೇಡಿಯ ತಳಕ್ಕಿಂತ 2 ಮೀಟರ್ ಕೆಳಗೇ ಇರಬೇಕು. ಜಾಗದ ನೀರಿನ ಮಟ್ಟವನ್ನು ಏಪ್ರಿಲ್‌ನಲ್ಲಿ ಅಳೆದು ವರದಿ ಕೊಟ್ಟರೆ ಒಪ್ಪಬೇಡಿ, ಜುಲೈ ಕೊನೆಯದ್ದೇ ಬೇಕು. 900 ಚದರ ಮೀಟರಿಗೆ ಜೇಡಿ 810 ಘನ ಮೀಟರ್ ಬೇಕಾಗುತ್ತದೆ. ಹೆಂಚಿಗೆ ಬಳಸುವಂಥ ಜೇಡಿ ಸಿಗುವುದು ಗದ್ದೆಯ ಅಡಿಯಲ್ಲಿ, ಅದನ್ನು ಅಗೆದರೆ ಗದ್ದೆ ಹೋಯಿತು. ಶೇಡಿ ಮಣ್ಣನ್ನೇ ಹಾಕುತ್ತೇವೆ ಅಂತ ಗುತ್ತಿಗೆದಾರ ಹೇಳಿದರೆ ಬೆಂಟೊನೈಟ್ (ನೀರು ಕುಡಿದು ಊದುವ ಜೇಡಿ) ಬೆರೆಸಿ, ನೀರು ಸೋರುವ ಪರೀಕ್ಷೆ ಮಾಡಿಸಿ ತೋರಿಸಲಿ. ಬರೀ ಶೇಡಿಯಲ್ಲಿ ಹೂಳೇ ಹೆಚ್ಚು, ನೀರು ಕುಡಿದರೆ ಬಲವೂ ಹೋಗುತ್ತದೆ.

ಇನ್ನೊಂದು: ಮೇ ಕೊನೆಯಲ್ಲಿ ಕೋಣೆಯ ಮೇಲೆ ಟಾರ್ಪಲ್ ಹಾಳೆ ಎಳೆದು, ಅಂಚಿಗೆ ಮಣ್ಣಿನ ಚೀಲ ಇಟ್ಟು ಮುಚ್ಚಿಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 120 ಟನ್ನನ್ನು ಸೂರಿನಡಿ ಚೀಲದಲ್ಲಿ ಇಟ್ಟುಕೊಂಡು ಅಕ್ಟೋಬರ್‌ನಲ್ಲಿ ತುಂಬಿ. ಅಷ್ಟು ಮಾಡಿದರೆ ಲೀಚೆಟ್ ಅರ್ಧಕ್ಕೂ ಕಡಿಮೆ.

ನಾಲ್ಕುಚಕ್ರ:
ಎಲ್ಲರೂ ಘಟಕದಿಂದ ಶುರು ಮಾಡ್ತಾರೆ. ಗೇಟಿನ ಬಾಗಿಲಿಗೆ ಬರುವ ಗಾಡಿಯಿಂದ ಶುರು ಮಾಡುವ, ಮಾರಾಯ್ರೆ. ಅಲ್ಲಿ ಬೆರೆತದ್ದನ್ನು ಘಟಕದಲ್ಲಿ ಯಾವ ಯಂತ್ರವೂ ಬಿಡಿಸುವುದಿಲ್ಲ.

ಆಟೋ ಟಿಪ್ಪರಿನ ಡಬ್ಬ ಸುಮಾರು 2 ಘನ ಮೀಟರ್, ಹೊರುವುದು 700 ಕೆ.ಜಿ. ಆಸುಪಾಸು. ಹಸಿ ಕಸ ಘನ ಮೀಟರಿಗೆ 400 ಕೆ.ಜಿ. ತೂಗುತ್ತದೆ, ಡಬ್ಬ ತುಂಬುವಾಗ ತೂಕವೂ ಸರಿಹೋಗುತ್ತದೆ. ಒಣ ಕಸ 70 ಕೆ.ಜಿ. ತೂಗಿದರೆ ಹೆಚ್ಚು. ಅದೇ ಡಬ್ಬದಲ್ಲಿ 140 ಕೆ.ಜಿ. ಹೋಗುತ್ತದೆ ಅಷ್ಟೆ. 2.7 ಟನ್ ಒಣ ಕಸಕ್ಕೆ 20 ಟ್ರಿಪ್! ಒಂದೇ ಗಾಡಿಯಲ್ಲಿ ನಡುವೆ ತಗಡು ಹಾಕಿ ಹಸಿ, ಒಣ ಎರಡೂ ತರುವ ಪಟ್ಟಣಗಳಲ್ಲಿ ಒಣದ ಪಾಲು ಅರ್ಧ ಬೀದಿಗೇ ತುಂಬುತ್ತದೆ, ಆಮೇಲೆ ಸಿಕ್ಕಿದ ಕಡೆ ಸುರಿಯುತ್ತಾರೆ. ಮನೆಯವರು ಕಣ್ಣಾರೆ ಕಂಡ ಮೇಲೆ ‘ಅವರೇ ಬೆರೆಸ್ತಾರೆ, ನಾವ್ಯಾಕೆ ಬೇರೆ ಮಾಡ್ಬೇಕು’ ಅಂತಾರೆ. ತಪ್ಪು ಡ್ರೈವರಿನದ್ದಲ್ಲ, ಡಬ್ಬದ್ದು.

ಹೀಗೆ ಮಾಡಿ. ಹಸಿ ಕಸಕ್ಕೆ ದಿನವೂ ಮುಚ್ಚಳವಿರುವ ಟಿಪ್ಪರ್. ಒಣ ಕಸಕ್ಕೆ ವಾರಕ್ಕೊಂದು ದಿನ, ವಾರ್ಡಿಗೆ ಇಂಥ ದಿನ ಅಂತ ನಿಗದಿ ಮಾಡಿ, ಎತ್ತರದ ಜಾಲರಿ ಕಟ್ಟಿದ 6 ಘನ ಮೀಟರಿನ ಗಾಡಿ. ಅದರಲ್ಲಿ ಟ್ರಿಪ್ಪಿಗೆ 400 ಕೆ.ಜಿ. ಬರುತ್ತದೆ. ಮಳೆಗಾಲದಲ್ಲಿ ಜಾಲರಿಗೆ ಟಾರ್ಪಲ್ ಕಡ್ಡಾಯ, ಒದ್ದೆ ಕಾಗದಕ್ಕೆ ಗುಜರಿಯವರು ಬೆಲೆ ಹೇಳುವುದೇ ಇಲ್ಲ.

ಬಾಗಿಲ ಲೆಕ್ಕ: ಬಯಲುಸೀಮೆಯ ಸಾಲು ಮನೆಗೆ 25 ಸೆಕೆಂಡು ಸಾಕು. ನಮ್ಮಲ್ಲಿ ಮನೆ ತೋಟದೊಳಗೆ, ಗೇಟಿನಿಂದ ನೂರು ಮೀಟರ್ ಒಳಗೆ. ಸರಾಸರಿ 45 ಸೆಕೆಂಡು ಹಿಡಿಯಿರಿ. ಆರು ಗಂಟೆ ಪಾಳಿಯಲ್ಲಿ ಹೋಗಿಬರುವ, ಸುರಿಯುವ ಹೊತ್ತು ಕಳೆದು ಉಳಿಯುವುದು 300 ನಿಮಿಷ, ಅಂದರೆ 400 ಬಾಗಿಲು. 6,000 ಬಾಗಿಲಿಗೆ 15 ಗಾಡಿ. ಟೆಂಡರಿನಲ್ಲಿ ಗಾಡಿಗೆ ಸಾವಿರ ಮನೆ ಅಂತ ಬರೆದಿದ್ದರೆ ಅದು ಬೇರೆ ಊರಿನ ಟೆಂಡರಿನ ನಕಲು.

ಗೊಬ್ಬರದಗುಂಡಿ:
ಆ 15ನ್ನು 9ಕ್ಕೆ ಇಳಿಸಬಹುದು. ತೋಟದೊಳಗಿನ ಮನೆಯಿಂದ ಹಸಿ ಕಸವನ್ನು ತರುವುದೇ ಬೇಡ. ಐದು ಸೆಂಟ್ಸ್ ಹಿತ್ತಲು, ನಾಲ್ಕು ತೆಂಗಿನ ಮರ ಇದ್ದವರಿಗೆ ಬುಡದ ಸುತ್ತಿನ ಕಟ್ಟೆಯೇ ಸಾಕು. ಒಂದು ದಿನದ ಅಡುಗೆ ಕಸ, ಅದರ ಮೇಲೆ ಎರಡು ಬೊಗಸೆ ತರಗೆಲೆ. ಮಳೆಗಾಲಕ್ಕೆ ಎರಡು ಸಿಮೆಂಟ್ ರಿಂಗ್ ಇಟ್ಟು ಮೇಲೊಂದು ತಗಡು ಮುಚ್ಚಿದರೆ ಆಯಿತು. ಒಂದು ತುಂಬುವಾಗ ಇನ್ನೊಂದು ಹಣ್ಣಾಗುತ್ತದೆ. ಅಂಥ ಮನೆಗಳನ್ನು ಗುರುತಿಸಿ, ವಾರಕ್ಕೊಮ್ಮೆ ಒಣ ಕಸದ ಗಾಡಿ ಮಾತ್ರ ಕಳಿಸಿ, ಶುಲ್ಕದಲ್ಲಿ ರಿಯಾಯಿತಿ ಕೊಡಿ. ಹಸಿ ಕಸದ ಗಾಡಿ ಫ್ಲಾಟು, ಬಾಡಿಗೆ ಮನೆ, ಪೇಟೆಗೆ ಮಾತ್ರ. ದಿನಕ್ಕೆ 100 ಕೆ.ಜಿ. ಮೀರಿದ ಹೋಟೆಲು, ಹಾಲ್, ಹಾಸ್ಟೆಲ್‌ಗಳನ್ನು 2016ರ ನಿಯಮ ದೊಡ್ಡ ಉತ್ಪಾದಕರು ಅಂತ ಬೇರೆಯೇ ಇಟ್ಟಿತ್ತು. ಅವರ ಹಸಿ ಕಸ ಅವರ ಜವಾಬ್ದಾರಿ.

ಇನ್ನು ಘಟಕ. ಹಿತ್ತಲ ಮನೆಗಳನ್ನು ಕಳೆಯದೆ, ಪೂರ್ತಿ 5 ಟನ್ ಬಂದರೆ ಎಷ್ಟು ಜಾಗ ಅಂತ ಹೇಳ್ತೇನೆ. 5 ಟನ್ ಅಂದರೆ ಚೂರು ಮಾಡಿದ ಮೇಲೆ 10 ಘನ ಮೀಟರ್, ಅದಕ್ಕೆ 3 ಘನ ಮೀಟರ್ ಒಣ ವಸ್ತು, ಒಟ್ಟು 13. ಬುಡ 3 ಮೀಟರ್, ಎತ್ತರ ಒಂದೂವರೆ ಮೀಟರಿನ ಸಾಲುರಾಶಿ ಮಾಡಿದರೆ ಒಂದು ದಿನದ ಕಸ 5 ಮೀಟರ್ ಉದ್ದ ಆಗುತ್ತದೆ. 30 ದಿನಕ್ಕೆ 150 ಮೀಟರ್. 25 ಮೀಟರಿನ ಆರು ಸಾಲು, ನಡುವೆ ಲೋಡರ್ ಓಡಾಡಲು 3 ಮೀಟರ್ ಅಂತ ಹಿಡಿದರೆ 900 ಚದರ ಮೀಟರ್. ಹಣ್ಣಾಗಲು ಇಡುವ ಜಾಗ, ಜರಡಿ, ಚೀಲ ಸೇರಿ ಸೂರು 1,500 ಚದರ ಮೀಟರ್ ಬೇಕು. ಅಂದಾಜುಪಟ್ಟಿಯಲ್ಲಿ ‘ತೆರೆದ ಅಂಗಳ’ ಅಂತ ಬರೆದಿದ್ದರೆ ಅಲ್ಲೇ ನಿಲ್ಲಿಸಿ. ಒಂದೇ ದಿನ 100 ಮಿ.ಮೀ. ಮಳೆ ಬಂದರೆ ಸಾವಿರ ಚದರ ಮೀಟರ್ ಅಂಗಳಕ್ಕೆ ಒಂದು ಲಕ್ಷ ಲೀಟರ್ ನೀರು ಬೀಳುತ್ತದೆ, ರಾಶಿ ಅದರಲ್ಲಿ ತೇಲುತ್ತದೆ.

ಸೂರು ಹಾಕಿದರೆ ಮುಗಿಯಲಿಲ್ಲ. ನಮ್ಮ ಮಳೆ ನೇರ ಬೀಳುವುದಿಲ್ಲ, ಪಡುವಣ ಗಾಳಿಗೆ ಓರೆ ಹೊಡೆಯುತ್ತದೆ. ಸೂರಿನ ಅಂಚು ಗೋಡೆಯಿಂದ ಒಂದೂವರೆ ಮೀಟರ್ ಹೊರಕ್ಕೆ ಚಾಚಿರಬೇಕು, ಪಡು ಮತ್ತು ತೆಂಕು ಬದಿಗೆ ಶೀಟು ಬೇಕು. ಶೀಟಿನ ಮೇಲ್ತುದಿಯಲ್ಲಿ ಗಾಳಿಗೆ ಎರಡು ಅಡಿ ಬಿಡಿ. ನೆಲ ಹೊರಗಿಗಿಂತ 45 ಸೆಂ.ಮೀ. ಎತ್ತರ, ನೂರಕ್ಕೆ ಒಂದು ಇಳಿಜಾರು. ರಾಶಿಯ ನೀರಿನ ಚರಂಡಿ ಬೇರೆ, ಮಾಡಿನ ನೀರಿನ ಚರಂಡಿ ಬೇರೆ. ಇವೆರಡು ಎಲ್ಲಿಯೂ ಸೇರಬಾರದು. ಒಂದೇ ಚರಂಡಿ ಮಾಡಿದ ಕಡೆ ಜೂನ್ ಮೊದಲ ವಾರದಲ್ಲೇ ಲೀಚೆಟ್ ಟ್ಯಾಂಕಿ ತುಂಬಿ ಪಕ್ಕದ ತೋಡಿಗೆ ಹೋಗುತ್ತದೆ.

ರಾಶಿ ನೋಡುವ ಕ್ರಮ: ಒಂದು ಮೀಟರಿನ ಕಡ್ಡಿ ಥರ್ಮಾಮೀಟರ್ ಚುಚ್ಚಿ. ಮೂರನೇ ದಿನಕ್ಕೆ 55 ಡಿಗ್ರಿ ದಾಟಬೇಕು. 65 ಮೀರಿದರೆ ತಿರುವಿ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಹದ. ನೀರು ಧಾರೆ ಇಳಿದರೆ ಒಣ ಹುಡಿ ಕಡಿಮೆ ಆಯಿತು, ಹುಡಿಹುಡಿಯಾಗಿ ಉದುರಿದರೆ ಟ್ಯಾಂಕಿಯಲ್ಲಿರುವ ಲೀಚೆಟ್ಟನ್ನೇ ಚಿಮುಕಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿ ಇಲ್ಲ. ಮೂಗಿಗೆ ಹೊಡೆಯುವ ಅಮೋನಿಯಾ ಬಂದರೆ ಮೀನು, ಕೋಳಿ ಹೆಚ್ಚಾಗಿದೆ. ವಾರಕ್ಕೊಮ್ಮೆ ತಿರುವಿದರೆ ಐದು ವಾರಕ್ಕೆ ಜರಡಿಗೆ ಬರುತ್ತದೆ. 4 ಮಿ.ಮೀ. ಜರಡಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಇಳಿಯಬೇಕು, ಮಾರುವ ಗೊಬ್ಬರಕ್ಕೆ ಅದೇ ಮಾನದಂಡ. ಮಳೆಗಾಲದಲ್ಲಿ ಜರಡಿಯ ಕಣ್ಣು ಕಟ್ಟುತ್ತದೆ, ಆಗ ಜರಡಿ ಹಿಡಿಯುವುದೇ ಬೇಡ, ಹಣ್ಣಾದ ರಾಶಿಯನ್ನು ಅಕ್ಟೋಬರ್‌ವರೆಗೆ ಮೂಲೆಗೆ ಒತ್ತರಿಸಿ.

ಒಣ ವಸ್ತು ಎಲ್ಲಿಂದ ಅಂತ ಕೇಳುವ ಮುಂಚೆ: ಜನವರಿಯಿಂದ ಮೇವರೆಗೆ ರಸ್ತೆಬದಿಯ ತರಗೆಲೆ, ಮರದ ಮಿಲ್ಲಿನ ಹುಡಿ, ತೆಂಗಿನ ನಾರಿನ ಹುಡಿ ಕೂಡಿಡಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಣ ಎಲೆ ಹುಡುಕಿದರೆ ಸಿಗುವುದಿಲ್ಲ. ದಿನಕ್ಕೆ 3 ಘನ ಮೀಟರಿನಂತೆ ನಾಲ್ಕು ತಿಂಗಳಿಗೆ 360 ಘನ ಮೀಟರ್. ಅದಕ್ಕೆ ಸೂರಿನಡಿ ಪ್ರತ್ಯೇಕ ಜಾಗ ನಕ್ಷೆಯಲ್ಲೇ ಇರಬೇಕು. ಗೊಬ್ಬರ ಘಟಕಗಳು ಕೆಡುವುದು ಇಲ್ಲಿಯೇ, ಯಂತ್ರ ಕೆಟ್ಟು ಅಲ್ಲ.

ಒಲೆಬೂದಿ:
ಹೋಟೆಲ್, ಹಾಲ್‌ಗಳ ಅನ್ನ, ಸಾರು, ತರಕಾರಿಯನ್ನು ರಾಶಿಗೆ ಹಾಕುವುದು ವ್ಯರ್ಥ ಅಂತ ನನ್ನ ವಾದ. ಅದು ಬಯೋಗ್ಯಾಸಿಗೆ ಹೇಳಿ ಮಾಡಿಸಿದ್ದು. ಟನ್ ಹಸಿ ಕಸಕ್ಕೆ 80 ಘನ ಮೀಟರ್ ಗ್ಯಾಸ್ ಹಿಡಿಯಿರಿ. 2 ಟನ್ನಿಗೆ 160. ಒಂದು ಘನ ಮೀಟರ್ ಗ್ಯಾಸ್ ಅಂದರೆ ಸುಮಾರು 450 ಗ್ರಾಂ ಎಲ್‌ಪಿಜಿಗೆ ಸಮ. ದಿನಕ್ಕೆ 72 ಕೆ.ಜಿ., ಹತ್ತಿರ ಹತ್ತಿರ ನಾಲ್ಕು ಕಮರ್ಷಿಯಲ್ ಸಿಲಿಂಡರ್. ಪಕ್ಕದಲ್ಲೇ ದಿನವೂ ಅಡುಗೆ ಆಗುವ ಹಾಸ್ಟೆಲೋ ಅನ್ನಛತ್ರವೋ ಇದ್ದರೆ ಬೇರೆ ಗಿರಾಕಿ ಹುಡುಕಬೇಕಿಲ್ಲ.

ಗೊಬ್ಬರದಗುಂಡಿ:
ಗ್ಯಾಸಿನ ಲೆಕ್ಕ ಎಲ್ಲರೂ ಹೇಳ್ತಾರೆ, ಸ್ಲರಿಯ ಲೆಕ್ಕ ಯಾರೂ ಹೇಳುವುದಿಲ್ಲ. 2 ಟನ್ ಕಸಕ್ಕೆ 2 ಟನ್ ನೀರು. ಒಳಗೆ ಹೋದ 4 ಸಾವಿರ ಲೀಟರಿನಲ್ಲಿ ಹೆಚ್ಚುಕಡಿಮೆ ಅಷ್ಟೂ ಇನ್ನೊಂದು ತುದಿಯಲ್ಲಿ ಬರುತ್ತದೆ. ದಿನವೂ. ಮಾರ್ಚ್‌ನಲ್ಲಿ ತೋಟದವರು ಟ್ಯಾಂಕರ್ ತಂದು ಒಯ್ದಾರು. ಆಟಿಯಲ್ಲಿ ಯಾವ ತೋಟಕ್ಕೆ ಬಿಡುತ್ತೀರಿ?

ಒಲೆಬೂದಿ:
ಆ ಮಾತು ಒಪ್ಪಬೇಕಾದ್ದೇ. ಎರಡು ಉಪಾಯ ಉಂಟು. ಸ್ಕ್ರೂ ಪ್ರೆಸ್ ಇಟ್ಟು ಸ್ಲರಿ ಹಿಂಡಿ, ಗಟ್ಟಿಯನ್ನು ನಿಮ್ಮ ರಾಶಿಗೆ ಕೊಡುವುದು, ತೆಳುವನ್ನು ಮರುದಿನದ ಕಸ ಕದಡಲು ಹೊಸ ನೀರಿನ ಬದಲು ಅರ್ಧದಷ್ಟು ಬಳಸುವುದು. ಪೂರ್ತಿ ಅದನ್ನೇ ತಿರುಗಿಸಿ ಹಾಕಿದರೆ ಅಮೋನಿಯಾ, ಉಪ್ಪು ಸೇರಿಕೊಂಡು ಜೀವಾಣು ಸೋಲುತ್ತವೆ. ಉಳಿದ ತೆಳುವನ್ನು ಊರಿನ ಕೊಳಚೆ ಶುದ್ಧೀಕರಣ ಘಟಕ ತೆಗೆದುಕೊಳ್ಳುವುದಾದರೆ ಸರಿ. ಇಲ್ಲದಿದ್ದರೆ 2 ಟನ್ನಿನ ಆಸೆ ಬಿಟ್ಟು 500 ಕೆ.ಜಿ.ಗೆ ಇಳಿಸಿ.

ಟ್ಯಾಂಕಿ ಎಷ್ಟು ದೊಡ್ಡದಿರಬೇಕು ಅಂದರೆ ದಿನದ 4 ಘನ ಮೀಟರನ್ನು 35 ದಿನ ಒಳಗೆ ಇಡಬೇಕು, 140 ಘನ ಮೀಟರ್. ‘20 ದಿನ ಸಾಕು’ ಅನ್ನುವ ಕೊಟೇಶನ್ ಅಗ್ಗಕ್ಕೆ ಬರುವುದು ಟ್ಯಾಂಕಿ ಸಣ್ಣದು ಮಾಡಿದ್ದಕ್ಕೆ. ಶುರುವಿಗೆ ಸೆಗಣಿ ಕದಡಿ ಟ್ಯಾಂಕಿಯ ಮೂರನೇ ಒಂದು ಪಾಲು ತುಂಬಿ, ಗ್ಯಾಸ್ ನೀಲಿಯಾಗಿ ಉರಿಯುವವರೆಗೆ ಕಸ ಹಾಕಬೇಡಿ. ಆಮೇಲೂ ವಾರಕ್ಕೆ ಹತ್ತು ಪರ್ಸೆಂಟ್ ಏರಿಸುತ್ತಾ ಹೋಗಿ. ಉದ್ಘಾಟನೆಯ ದಿನವೇ ಪೂರ್ತಿ ಲೋಡ್ ಸುರಿದರೆ ಒಳಗೆ ಹುಳಿಯೇರುತ್ತದೆ. ಪಿಎಚ್ 6.5ಕ್ಕಿಂತ ಇಳಿದರೆ ಕಸ ನಿಲ್ಲಿಸಿ, ಸುಣ್ಣದ ತಿಳಿ ಸ್ವಲ್ಪಸ್ವಲ್ಪವೇ ಬಿಡಿ. ಲಿಂಬೆ, ಮುಸುಂಬಿ ಸಿಪ್ಪೆ, ಈರುಳ್ಳಿ ಸಿಪ್ಪೆ, ಎಲುಬು ಒಳಗೆ ಬೇಡ. ಬಾಳೆಲೆಯಂತೂ ಬೇಡವೇ ಬೇಡ. ಅದರ ನಾರು ಗ್ರೈಂಡರಿನ ಶಾಫ್ಟಿಗೆ ಹಗ್ಗದಂತೆ ಸುತ್ತಿ ಮೋಟಾರು ಸುಡುತ್ತದೆ. ಮದುವೆ ಸೀಸನ್ನಿನಲ್ಲಿ ಎಲೆಯನ್ನು ಕತ್ತಿಯಲ್ಲಿ ಅಡ್ಡಡ್ಡ ಕಡಿದು ರಾಶಿಗೇ ಕಳಿಸಬೇಕು.

ಪಡುಗಾಳಿ:
ಮೀನು ಮಾರ್ಕೆಟಿನದ್ದು? ಆದಿತ್ಯವಾರ ಕೋಳಿ ಅಂಗಡಿಯದ್ದೂ ಸೇರಿ ಒಂದು ಟನ್ ಮೇಲೆ ಬರುತ್ತದೆ.

ಗೊಬ್ಬರದಗುಂಡಿ:
ಅದು ಪುರಸಭೆಯ ಗಾಡಿಗೆ ಹತ್ತಲೇಬಾರದು. ಮೀನಿನ ತಲೆ, ಕರುಳು ಫಿಶ್‌ಮೀಲ್ ಕಾರ್ಖಾನೆಗೆ ಕಚ್ಚಾ ಮಾಲು. ಕರಾವಳಿಯಲ್ಲಿ ಅವು ಇವೆ, ಆದರೆ ಹೊಸತಾಗಿರಬೇಕು, ಐಸ್ ಪೆಟ್ಟಿಗೆಯಲ್ಲಿ ಇಟ್ಟು ಅದೇ ದಿನ ಕೊಡಬೇಕು, ನಡುವೆ ಪ್ಲಾಸ್ಟಿಕ್ ಕವರ್ ಸಿಗಬಾರದು. ಕೋಳಿ ತ್ಯಾಜ್ಯಕ್ಕೆ ಬೇಯಿಸಿ ಕೊಬ್ಬು, ಹಿಟ್ಟು ತೆಗೆಯುವ ರೆಂಡರಿಂಗ್ ಘಟಕದ ಜತೆ ಅಂಗಡಿಯವರೇ ಒಪ್ಪಂದ ಮಾಡಿಕೊಳ್ಳಲಿ, ಲೈಸೆನ್ಸ್ ನವೀಕರಣಕ್ಕೆ ಆ ಪತ್ರ ಕೇಳಿ. ಸೇತುವೆ ಕೆಳಗೆ ಚೀಲ ಬೀಳುವುದು ಆಗ ನಿಲ್ಲುತ್ತದೆ.

ಉಳಿದ ಅಲ್ಪಸ್ವಲ್ಪ ಮೀನನ್ನು ರಾಶಿಗೆ ಹಾಕುವುದಾದರೆ ಒಂದು ಬುಟ್ಟಿಗೆ ಮೂರು ಬುಟ್ಟಿ ಮರದ ಹುಡಿ. ಮೊದಲು ಒಂದು ಅಡಿ ಹುಡಿ, ನಡುವೆ ಮೀನು, ಮೇಲೆ ಮತ್ತೆ ಒಂದು ಅಡಿ. ಬದಿಯಿಂದಲೂ ಹೊರಗೆ ಕಾಣಬಾರದು. ಎರಡು ವಾರ ಮುಟ್ಟಬೇಡಿ. ಮೊದಲೇ ತಿರುವಿದರೆ ಊರಿಗೆಲ್ಲ ಗೊತ್ತಾಗುತ್ತದೆ.

ಬಂಡಸಾಲೆ:
ಬೊಂಡದ (ಎಳನೀರಿನ) ಚಿಪ್ಪನ್ನು ಯಾರೂ ಹೇಳಲಿಲ್ಲ. ಎಪ್ರಿಲ್‌ನಲ್ಲಿ ಗಾಡಿಯ ಅರ್ಧ ಅದೇ. ಇಡೀ ಚಿಪ್ಪು ಬಂದರೆ ಡಬ್ಬವೂ ತುಂಬುತ್ತದೆ, ಮಳೆ ಬಿದ್ದರೆ ಸೊಳ್ಳೆಗೂ ಮನೆ. ಮಾರುವವರೇ ನಾಲ್ಕು ಹೋಳು ಮಾಡಿ ಗೋಣಿಯಲ್ಲಿ ಕೊಡಬೇಕು. ಕತ್ತಿ ಹೇಗೂ ಅವರ ಕೈಯಲ್ಲೇ ಉಂಟು. ಎರಡು ವಾರ ಸೂರಿನಡಿ ಒಣಗಿಸಿ ಚಿಪ್ಪರಿಗೆ ಕೊಟ್ಟರೆ ಗೊಬ್ಬರದಗುಂಡಿಯವರು ಹುಡುಕುವ ಒಣ ಹುಡಿ ಅದರಲ್ಲೇ ಬಂತು. ಹಸಿಯಾಗಿ ಕೊಟ್ಟರೆ ನಾರು ಬ್ಲೇಡಿಗೆ ಸಿಕ್ಕಿಕೊಳ್ಳುತ್ತದೆ.

ಈಗ ಒಣ ಕಸ. ಸ್ವಂತಕ್ಕೆ ದೊಡ್ಡ ಎಂಆರ್‌ಎಫ್ (ಒಣ ಕಸ ವಿಂಗಡಿಸುವ ಘಟಕ) ಕಟ್ಟುವುದು ಈ ಅಳತೆಗೆ ದುಬಾರಿ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಎಂಆರ್‌ಎಫ್ ಅನೇಕ ಗ್ರಾಮ ಪಂಚಾಯತುಗಳ ಒಣ ಕಸಕ್ಕಾಗಿಯೇ ಆದದ್ದು. ಕನ್ವೇಯರ್, ಬೇಲಿಂಗ್ ಯಂತ್ರ (ಕಸ ಒತ್ತಿ ಬೇಲ್, ಅಂದರೆ ಕಟ್ಟು ಮಾಡುವುದು), ತರಬೇತಾದ ಕೈಗಳು ಒಂದೇ ಕಡೆ ಇದ್ದರೆ ಸರಕಿನ ಪ್ರಮಾಣ ಬರುತ್ತದೆ, ಪ್ರಮಾಣ ಬಂದರೆ ಬೆಲೆ ಬರುತ್ತದೆ. ವಂಡ್ಸೆ ಪಂಚಾಯತಿನ ಎಸ್‌ಎಲ್‌ಆರ್‌ಎಂ (ಘನ, ದ್ರವ ಸಂಪನ್ಮೂಲ ನಿರ್ವಹಣೆ) ಮಾದರಿ ಇದರ ಇನ್ನೊಂದು ತುದಿ, ಯಂತ್ರ ಕಡಿಮೆ, ಕೈಯಲ್ಲೇ ಹತ್ತಾರು ಬಗೆಯಾಗಿ ವಿಂಗಡಿಸುವುದು. ನೀವು ಊರಲ್ಲಿ ಒಂದು ಸಣ್ಣ ಶೆಡ್ ಇಟ್ಟು, ಕೈಯಲ್ಲಿ ಮೊದಲ ವಿಂಗಡಣೆ ಮಾಡಿ, ಮಾರಾಟವಾಗುವ ರಟ್ಟು, ಕಬ್ಬಿಣ, ಬಾಟಲಿ, ಹಾಲಿನ ಕವರು ಗುಜರಿಗೆ ಕೊಟ್ಟು, ಉಳಿದದ್ದನ್ನು ಬೇಲ್ ಮಾಡಿ ಸಾಮೂಹಿಕ ಘಟಕಕ್ಕೆ ಕಳಿಸುವುದು ಒಳ್ಳೆಯದು.

ತಲೆನೋವು ಬಿಸ್ಕಿಟ್, ಚಿಪ್ಸ್, ಗುಟ್ಕಾ ಪೊಟ್ಟಣದ್ದು. ಒಳಗೆ ಬೆಳ್ಳಿ ಬಣ್ಣದ ಬಹುಪದರದ ಹಾಳೆ. ಗುಜರಿಯವರು ಮುಟ್ಟುವುದಿಲ್ಲ, ಸಿಮೆಂಟ್ ಗೂಡಿಗೆ ಉರುವಲಾಗಿ ಹೋಗಬೇಕು. ಗೂಡುಗಳು ಕಲಬುರಗಿ, ಬಾಗಲಕೋಟೆ ಕಡೆ. ಬಿಡಿಯಾಗಿ ತುಂಬಿದರೆ ದೊಡ್ಡ ಲಾರಿಯಲ್ಲೂ ಎರಡು ಟನ್ ಹೋಗುತ್ತದೆ, ಬೇಲ್ ಮಾಡಿದರೆ ಹತ್ತು. ಬಾಡಿಗೆ ಎರಡಕ್ಕೂ ಒಂದೇ. ಅದಕ್ಕೇ ಬೇಲಿಂಗ್ ಯಂತ್ರ ಮೊದಲು ಕೊಳ್ಳಿ, ಕನ್ವೇಯರ್ ಆಮೇಲೆ. ತೇವ 20 ಪರ್ಸೆಂಟ್ ಮೀರಿದರೆ, ಪಿವಿಸಿ ಚೂರು ಸೇರಿ ಕ್ಲೋರಿನ್ ಹೆಚ್ಚಾದರೆ ಗೂಡಿನವರು ಲಾರಿ ವಾಪಸ್ ಕಳಿಸುತ್ತಾರೆ. ಹಳೆ ಪೈಪು, ಫ್ಲೆಕ್ಸು, ರೆಗ್ಸಿನ್ ಚಪ್ಪಲಿ ಆ ಬೇಲ್‌ಗೆ ಬೀಳದಂತೆ ಒಬ್ಬರು ನೋಡುತ್ತಲೇ ಇರಬೇಕು.

ಮಳೆಗಾಲದಲ್ಲಿ ಈ ಸರಕು ಒಣಗುವುದಿಲ್ಲ, ಕೂಡಿಡಬೇಕು. ದಿನಕ್ಕೆ 500 ಕೆ.ಜಿ. ಎಂದಿಟ್ಟುಕೊಂಡರೆ 120 ದಿನಕ್ಕೆ 60 ಟನ್, ಬೇಲ್ ಲೆಕ್ಕದಲ್ಲಿ 220 ಘನ ಮೀಟರ್. ಎರಡೂವರೆ ಮೀಟರ್ ಎತ್ತರ ಪೇರಿಸಿದರೆ ನೆಲ 90 ಚದರ ಮೀಟರ್, ದಾರಿ ಸೇರಿ 150. ಪೇರಿಕೆಗಳ ನಡುವೆ 3 ಮೀಟರ್ ಬಿಡಿ. ಮೊಬೈಲ್ ಬ್ಯಾಟರಿ ಬೇಲಿಂಗ್ ಯಂತ್ರದಡಿ ಹಿಂಡಿ ಹೋದರೆ ಕೂಡಲೇ ಕಿಡಿ ಕಾಣಬೇಕೆಂದಿಲ್ಲ, ಒಳಗೊಳಗೇ ಕನಲಿ ರಾತ್ರಿ ಹೊತ್ತಿಕೊಳ್ಳುತ್ತದೆ. ಹೊಸ ಬೇಲನ್ನು ಒಂದು ರಾತ್ರಿ ಹೊರಗಿನ ಮಾಡಿನಡಿ ಬೇರೆಯೇ ಇಟ್ಟು, ಮರುದಿನ ಪೇರಿಸಿ.

ಒಲೆಬೂದಿ:
ಐದನೆಯ ಪ್ರಸ್ತಾವ, ಸುಡುವ ಯಂತ್ರ. ನಿಮ್ಮ ಹಸಿ ಕಸದಲ್ಲಿ ನೂರಕ್ಕೆ 70 ನೀರು. ಬೆರಕೆ ಕಸ ಸುಡುವುದೆಂದರೆ ಮೊದಲು ಆ ನೀರನ್ನು ಡೀಸೆಲ್ ಹಾಕಿ ಕುದಿಸುವುದು. ಹೊಗೆ ಎರಡನೇ ಕೋಣೆಯಲ್ಲಿ 950 ಡಿಗ್ರಿಯಲ್ಲಿ ಕನಿಷ್ಠ 2 ಸೆಕೆಂಡ್ ಇರಬೇಕು, ಇಲ್ಲದಿದ್ದರೆ ಡಯಾಕ್ಸಿನ್ ಎಂಬ ವಿಷ. ಒದ್ದೆ ಕಸ ಬಿದ್ದ ಸಲವೂ ಒಳಗಿನ ಶಾಖ ಕುಸಿಯುತ್ತದೆ, ಚಿಮಣಿಯಲ್ಲಿ ಬಿಳಿ ಹೊಗೆ ಕಂಡರೆ ಅದೇ. ಮಾರುವವರ ಹತ್ತಿರ ಎರಡೇ ಕೇಳಿ: ಜುಲೈ ತಿಂಗಳ ಕಸಕ್ಕೆ ಟನ್ನಿಗೆ ಎಷ್ಟು ಲೀಟರ್ ಡೀಸೆಲ್, ಮತ್ತು ಎರಡನೇ ಕೋಣೆಯ ತಾಪಮಾನದ ದಾಖಲೆ ನಿರಂತರ ಎಲ್ಲಿ ಸಿಗುತ್ತದೆ. ಎರಡನೆಯದಕ್ಕೆ ಉತ್ತರ ಕರಪತ್ರದಲ್ಲಿ ಇರುವುದಿಲ್ಲ. ಪ್ಯಾಡು, ಡಯಾಪರಿಗೆ ಮಾತ್ರ ಸುಡುವ ದಾರಿ ಬೇಕು, ಅದಕ್ಕೂ ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆ ಡಬ್ಬದಲ್ಲಿ ತಂದು, ಅನುಮತಿ ಇರುವ ಘಟಕಕ್ಕೆ ಕೊಡುವುದು.

ನಾಲ್ಕುಚಕ್ರ:
ಮೊದಲನೆಯ ಪ್ರಸ್ತಾವ, 40 ಕಿ.ಮೀ. ಸಾಗಣೆ. 5 ಟನ್ ಹಸಿ ಕಸದಲ್ಲಿ ಮೂರೂವರೆ ಟನ್ ನೀರು. ಅದನ್ನು ದಿನವೂ ಘಟ್ಟದ ಬುಡದವರೆಗೆ ಟೂರ್ ಕರೆದುಕೊಂಡು ಹೋದ ಹಾಗೆ. ನಾಲ್ಕೂವರೆ ಟನ್ನಿನ ಟಿಪ್ಪರಿಗೆ ಎರಡು ಟ್ರಿಪ್, 160 ಕಿ.ಮೀ., ಲೀಟರಿಗೆ 4 ಕಿ.ಮೀ. ಸಿಕ್ಕಿದರೆ 40 ಲೀಟರ್ ಡೀಸೆಲ್. ವರ್ಷಕ್ಕೆ 14,600 ಲೀಟರ್. ಮಳೆಗಾಲದಲ್ಲಿ ಬೆರಕೆ ಕಸ ಮತ್ತಷ್ಟು ನೀರು ಕುಡಿದು ತೂಕ ಏರುತ್ತದೆ, ಟನ್ ಲೆಕ್ಕದಲ್ಲಿ ದುಡ್ಡು ಕೊಡುವುದರಿಂದ ಮಳೆಗೂ ನೀವೇ ಬಿಲ್ ಕಟ್ಟಿದಂತೆ. ಆ ಘಟಕ ಒಂದು ದಿನ ಗೇಟು ಹಾಕಿದರೆ ನಿಮ್ಮ 9 ಟನ್ನಿಗೆ ಬದಲಿ ಜಾಗ ಇಲ್ಲ. ಒಣ ಕಸದ ಬೇಲ್ ಮಾತ್ರ ದೂರ ಕಳಿಸಿ, ಹಸಿಯನ್ನು ಊರು ದಾಟಿಸಬೇಡಿ.

ಗಾಡಿ ಕೊಳ್ಳುವವರಿಗೆ ಎರಡು ಮಾತು. ಉಪ್ಪು ಗಾಳಿ, ಮೇಲೆ ಲೀಚೆಟ್. ಮೈಲ್ಡ್ ಸ್ಟೀಲ್ ಡಬ್ಬ ತಳದ ಮೂಲೆಯಿಂದ ತೂತಾಗುತ್ತದೆ. ಹಸಿ ಕಸದ ಡಬ್ಬದ ತಳಕ್ಕೆ ಸ್ಟೇನ್‌ಲೆಸ್ ತಗಡು ಹಾಕಿಸಿ, ಮೂಲೆಯಲ್ಲಿ ಒಂದು ಬಾಲ್ ವಾಲ್ವ್ ಮತ್ತು 20 ಲೀಟರಿನ ಡಬ್ಬಿ. ಪ್ಲಗ್ ಬೇಡ, ಪ್ಲಗ್ ಕಳೆದುಹೋಗುತ್ತದೆ, ಆಮೇಲೆ ಅಲ್ಲಿ ಬಟ್ಟೆ ತುರುಕುತ್ತಾರೆ. ದಿನದ ಕೊನೆಗೆ ಘಟಕದಲ್ಲೇ ತೊಳೆಯಬೇಕು, ತೊಳೆದ ನೀರು ಲೀಚೆಟ್ ಚರಂಡಿಗೆ.

ಪಡುಗಾಳಿ:
ಸಂಗ್ರಹವನ್ನು ಗುತ್ತಿಗೆಗೆ ಕೊಡುವುದಾ, ಸ್ವಸಹಾಯ ಸಂಘಕ್ಕೆ ಕೊಡುವುದಾ? ಪಂಚಾಯತುಗಳಲ್ಲಿ ಸಂಜೀವಿನಿ ಸಂಘದ ಹೆಂಗಸರೇ ಸ್ವಚ್ಛವಾಹಿನಿ ಓಡಿಸ್ತಾರಲ್ಲ.

ನಾಲ್ಕುಚಕ್ರ:
ಯಾರಿಗೆ ಕೊಟ್ಟರೂ ದುಡ್ಡು ಯಾವ ಅಳತೆಗೆ ಕೊಡುತ್ತೀರಿ ಅನ್ನುವುದೇ ಮುಖ್ಯ. ಟನ್ನಿಗೆ ಇಷ್ಟು ಅಂದರೆ ಗಾಡಿಗೆ ಕಟ್ಟಡದ ಮಣ್ಣು ಹತ್ತುತ್ತದೆ, ಬೇರ್ಪಡಿಸಿದವರಿಗೆ ನಷ್ಟ ಆಗುತ್ತದೆ. ಬಾಗಿಲಿಗೆ ಇಷ್ಟು ಅಂತ ಕೊಡಿ, ಘಟಕದ ಗೇಟಿನಲ್ಲಿ ಹಸಿ ಡಬ್ಬವನ್ನು ಟಾರ್ಪಲ್ ಮೇಲೆ ಸುರಿದು ವಾರಕ್ಕೆರಡು ಸಲ ನೋಡಿ. ನೂರು ಕೆ.ಜಿ.ಯಲ್ಲಿ ಐದಕ್ಕಿಂತ ಹೆಚ್ಚು ಪ್ಲಾಸ್ಟಿಕ್ ಸಿಕ್ಕಿದರೆ ಆ ರೂಟಿನ ದಿನದ ಹಣದಲ್ಲಿ ಕಡಿತ, ಮೂರಕ್ಕಿಂತ ಕಡಿಮೆ ಇದ್ದರೆ ಮೇಲೊಂದಿಷ್ಟು. ಇದು ನನ್ನ ಅಂಕಿ, ನಿಮಗೆ ತಕ್ಕ ಹಾಗೆ ಬದಲಿಸಿ. ಸಂಘದವರ ಒಂದು ಅನುಕೂಲ ಎಂದರೆ ‘ಅಕ್ಕ, ಇವತ್ತು ಬೆರೆಸಿದ್ದೀರಿ, ತಗೊಳ್ಳುದಿಲ್ಲ’ ಅಂತ ಅವರು ಗೇಟಿನಲ್ಲಿ ನಿಂತು ಹೇಳಬಲ್ಲರು.

ಮುರಕಲ್ಲು:
ಹಾಗೆ ನಿರಾಕರಿಸುವುದಾದರೆ ಮೊದಲ ಎರಡು ವಾರ ಚೀಟಿ ಅಂಟಿಸಿ ಕಸ ತೆಗೆದುಕೊಂಡು ಹೋಗಿ, ಮೂರನೇ ವಾರದಿಂದ ಬಿಟ್ಟು ಬನ್ನಿ. ಮೊದಲ ದಿನವೇ ಬಿಟ್ಟರೆ ರಾತ್ರಿ ಬೈಕಿನಲ್ಲಿ ತಂದು ಹೊಳೆ ಬದಿಗೆ ಎಸೆಯುತ್ತಾರೆ.

ಈಗ ತುಂಬಿರುವ ಜಾಗದ ಹಳೆ ರಾಶಿಯ ವಿಷಯ ಸಭೆಯಲ್ಲಿ ಮರೆಯಬೇಡಿ. ಟ್ರಾಮೆಲ್ ಜರಡಿ (ತಿರುಗುವ ಉರುಳೆ ಜರಡಿ) ಹಾಕಿ ಬಯೋಮೈನಿಂಗ್, ಅಂದರೆ ಹಳೆ ಕಸ ಅಗೆದು ಬೇರ್ಪಡಿಸುವುದು, ಡಿಸೆಂಬರ್‌ನಿಂದ ಮೇವರೆಗೆ ಮಾತ್ರ ಆಗುವ ಕೆಲಸ. ಮಳೆಯಲ್ಲಿ ಮಣ್ಣು ಪ್ಲಾಸ್ಟಿಕ್ಕಿಗೆ ಅಂಟಿ ಜರಡಿಯಲ್ಲಿ ಏನೂ ಬೇರೆಯಾಗುವುದಿಲ್ಲ. ಟೆಂಡರ್ ಮಾರ್ಚ್‌ನಲ್ಲಿ ಕರೆದರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ. ರಾಶಿಯ ಸುತ್ತಲಿನ ನಾಲ್ಕು ಬಾವಿಯ ನೀರನ್ನು ಮೇ ಮತ್ತು ಆಗಸ್ಟ್‌ನಲ್ಲಿ ಪರೀಕ್ಷೆ ಮಾಡಿಸಿ: ಕ್ಲೋರೈಡ್, ನೈಟ್ರೇಟ್, ಅಮೋನಿಯಾ, ಸಿಒಡಿ (ನೀರಿನ ಕೊಳಕಿನ ಒಂದು ಅಳತೆ). ಕಡಲಿಗೆ ಹತ್ತಿರದ ಬಾವಿಯಲ್ಲಿ ಕ್ಲೋರೈಡ್ ಉಪ್ಪುನೀರಿನಿಂದಲೂ ಏರಬಹುದು, ಅಮೋನಿಯಾ ಜತೆಗೇ ಏರಿದರೆ ಮಾತ್ರ ಕಸದ್ದು ಅನ್ನಿ.

ಪಡುಗಾಳಿ:
ಹಾಗಾದರೆ ಎರಡನೆಯದ್ದು ಮುಖ್ಯ, ಮೂರನೆಯದ್ದು 500 ಕೆ.ಜಿ. ಅಳತೆಯಲ್ಲಿ ಹಾಸ್ಟೆಲ್ ಪಕ್ಕ, ಒಣ ಕಸ ಸಾಮೂಹಿಕ ಘಟಕಕ್ಕೆ ಅಂತ ಟಿಪ್ಪಣಿ ಮಾಡುತ್ತೇನೆ. ಸಭೆಗೆ ಇನ್ನೂ ಮೂರು ವಾರ ಉಂಟು. ಅದರೊಳಗೆ ಎಂತ ಮಾಡಬಹುದು?

ಬಂಡಸಾಲೆ:
ತೂಕ ಮಾಡಿ. ಇಷ್ಟು ಹೊತ್ತು ನಾವೆಲ್ಲ ಲೆಕ್ಕ ಹಾಕಿದ್ದು ನಿಮ್ಮ 9 ಟನ್ ಅನ್ನುವ ಅಂದಾಜಿನ ಮೇಲೆ. ಅದು 6 ಇದ್ದರೆ ಸೂರಿನ ಅಳತೆ ಬೇರೆ, 12 ಇದ್ದರೆ ಬೇರೆ. ಏಳು ದಿನ ಬಿಡದೆ ಪ್ರತಿ ಗಾಡಿಯನ್ನೂ ವೇಬ್ರಿಡ್ಜಿಗೆ ಹತ್ತಿಸಿ, ಆದಿತ್ಯವಾರ ಬಿಡಬೇಡಿ. ಪೇಟೆಯ ಒಂದು ರೂಟು, ತೋಟದ ಮನೆಗಳ ಒಂದು ರೂಟು, ಫ್ಲಾಟಿನ ಒಂದು ರೂಟು ಆರಿಸಿ, ಅಲ್ಲಿಂದ ತಲಾ ನೂರು ಕೆ.ಜಿ. ಟಾರ್ಪಲ್ ಮೇಲೆ ಸುರಿದು ಹಸಿ, ಒಣ, ಪ್ಯಾಡು, ಮಣ್ಣು ಅಂತ ನಾಲ್ಕು ರಾಶಿ ಮಾಡಿ ತೂಗಿ.

ನಾಲ್ಕುಚಕ್ರ:
ಖಾಲಿ ಗಾಡಿಯನ್ನೂ ದಿನಾ ತೂಗಿ. ಆರ್‌ಸಿ ಪುಸ್ತಕದ ತೂಕ ಬರೆಯಬೇಡಿ. ಡಬ್ಬದ ತಳಕ್ಕೆ ಅಂಟಿದ ಕಸ, ರಾತ್ರಿ ನಿಂತ ಮಳೆನೀರು ಸೇರಿ ಐವತ್ತು ಕೆ.ಜಿ. ಸುಲಭಕ್ಕೆ ವ್ಯತ್ಯಾಸ ಬರುತ್ತದೆ. ಹದಿನೈದು ಗಾಡಿಗೆ ಅದೇ ಮುಕ್ಕಾಲು ಟನ್ ಆಯಿತು.